ಪುಕ್ಕಟೆ ಸಿಕ್ಕಿದ್ದನ್ನು ಬೇಡವೆಂದವನು

ಗುನ್ಸಾನ್ ಊರಿನ ಹಳೇ ಬಂದರಿನ ಬೀದಿಯಲ್ಲಿರುವ ಗಂಟೆಗಿಷ್ಟು ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುವ ಯೋಮ್ ಅಮ್ಮನ ಪಿಸಿ ಬಾಂಗ್‌ನಲ್ಲಿ ಆ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲರಿಗೂ ಒಂದೊಂದು ಚೀಟಿ ಪುಕ್ಕಟೆಯಾಗಿ ಸಿಕ್ಕಿತು. ಮೇಂಗ್ ದಾಲ್‌ಸು ಮಾತ್ರ ತನಗೆ ಬೇಡ ಎಂದ. ತೊಂದರೆ ಶುರುವಾದದ್ದು ಇಷ್ಟರಿಂದಲೇ.

ಚೀಟಿ ಎಂದರೆ ಕಾಗದದ ಚೀಟಿಯಲ್ಲ. ‘ಒಂಬತ್ತು ಕಣಿವೆ’ ಎಂಬ ಕಂಪ್ಯೂಟರ್ ಆಟಕ್ಕೆ ಏಳು ವರ್ಷ ತುಂಬಿದ ಸಂತೋಷಕ್ಕೆ ಕಂಪನಿಯವರು ಆಡುವವರೆಲ್ಲರ ಜೋಳಿಗೆಗೂ ಹಾಕಿದ ಉಡುಗೊರೆ ಅದು. ಚೀಟಿ ಹರಿದರೆ, ನಿಮ್ಮ ಪಾತ್ರಕ್ಕೆ ಇಷ್ಟು ವರ್ಷ ಒಂದೊಂದಾಗಿ ಹಾಕಿಕೊಂಡು ಬಂದ ನೂರು ಅಂಕಗಳೂ ವಾಪಸ್ಸು ಕೈಗೆ ಬರುತ್ತವೆ. ಶಕ್ತಿಗೆ ಇಷ್ಟು, ಚುರುಕಿಗೆ ಇಷ್ಟು ಎಂದು ಹೊಸದಾಗಿ ಹಂಚಿಕೊಳ್ಳಬಹುದು. ಒಬ್ಬರಿಗೆ ಒಂದೇ ಸಲ. ಸಂಜೆ ನಾಲ್ಕಕ್ಕೆ ಕೋಟೆಯ ಮುತ್ತಿಗೆ ಶುರುವಾಗುವ ಹೊತ್ತಿಗೆ ಚೀಟಿ ತಾನಾಗಿ ಮಾಯವಾಗುತ್ತದೆ.

ಯೋಮ್ ಅಮ್ಮನ ಅಂಗಡಿಯಲ್ಲಿ ಶನಿವಾರ ಶನಿವಾರ ಸೇರಿ ಆಡುವ ಹದಿಮೂರು ಮಂದಿಯ ಗುಂಪಿಗೆ ‘ಉಪ್ಪುಗಾಳಿ’ ಎಂದು ಹೆಸರು. ನಾಯಕ ಬಾನ್ ಗ್ಯುಹೊ. ಟ್ಯೂಷನ್ ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಆಟವನ್ನೂ ಅವರು ಲೆಕ್ಕದ ಪುಸ್ತಕದ ಹಾಗೆಯೇ ತೆರೆಯುತ್ತಿದ್ದರು. ಪಕ್ಕದ ಇಕ್ಸಾನ್ ಊರಿನ ‘ಮೊದಲ ಹಿಮ’ ಎಂಬ ಗುಂಪು ಹಿಡಿದಿಟ್ಟುಕೊಂಡಿದ್ದ ಕರಿಕಲ್ಲು ಕೋಟೆಯನ್ನು ಗೆಲ್ಲಲು ಹೋಗಿ ಹನ್ನೊಂದು ವಾರ ಸತತವಾಗಿ ಹೊಡೆತ ತಿಂದು ಬಂದಿದ್ದ ನಾಯಕ ಅವರು.

ಹನ್ನೊಂದು ಗಂಟೆಗೆ ಮೇಷ್ಟ್ರು ಕುರ್ಚಿಯಿಂದ ಎದ್ದು ಕನ್ನಡಕ ಏರಿಸಿಕೊಂಡರು.

“ಕೇಳಿ ಎಲ್ಲ. ನಮ್ಮ ಹಳೇ ಲೆಕ್ಕ ಶಕ್ತಿಗೆ ಅರವತ್ತೈದು, ಚುರುಕಿಗೆ ಮೂವತ್ತೈದು. ಆ ಐದು ಅಂಕದ ತಪ್ಪಿಂದ್ಲೇ ನಾವು ಹನ್ನೊಂದು ವಾರ ಸೋತದ್ದು. ಈಗ ದೇಶಕ್ಕೆ ದೇಶವೇ ಎಪ್ಪತ್ತು-ಮೂವತ್ತು ಹಾಕ್ತಾ ಇದೆ. ನಾನೂ ಕೂಡಿಸಿ ಕಳೆದು ನೋಡ್ದೆ. ಬಾಕಿದೆಲ್ಲ ಸೊನ್ನೆ. ಎಲ್ಲರೂ ಇವತ್ತು ಚೀಟಿ ಹರೀಬೇಕು. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?”

ದೇಶದವರೆಲ್ಲ ಹಾಕುವ ಹಂಚಿಕೆಗೆ ಅಲ್ಲಿಯವರು ‘ನಾಡಿನ ಲೆಕ್ಕ’ ಎನ್ನುತ್ತಾರೆ. ಅದನ್ನು ಮೀರಿದವನ ಪಾತ್ರಕ್ಕೆ ‘ಹಾಳುಕುಳ’ ಎನ್ನುತ್ತಾರೆ. ಹಾಳುಕುಳವಾಗಲು ಯಾರಿಗೆ ತಾನೇ ಮನಸ್ಸು?

“ಮೇಷ್ಟ್ರೇ,” ಎಂದ ದಾಲ್‌ಸು, ಕೂತಲ್ಲಿಂದಲೇ. “ನನ್ನದು ಹಾಗೇ ಇರ್ಲಿ ಬಿಡಿ. ಆ ಚೀಟಿ ನನಗೆ ಬೇಡ.”

ಸುತ್ತಲೂ ರಾಮ್ಯನ್ ನೂಡಲ್ಸ್ ಹೀರುವ ಸದ್ದು ಒಮ್ಮೆಗೇ ನಿಂತಿತು.

“ಪುಕ್ಕಟೆ ಕಣೋ ಅದು!” ಎಂದಳು ತಾಕ್ ಮಾಲ್ಸುನ್. ಬೀದಿಯ ಮೂಲೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯವಳು, ವಯಸ್ಸು ಐವತ್ತೈದು, ಆಟದಲ್ಲಿ ಎರಡು ಕೈಗೂ ಕತ್ತಿ ಹಿಡಿದ ಮಹಾ ಕ್ರೂರಿ. ಭಾನುವಾರ ದೊಡ್ಡ ಅಂಗಡಿಯಲ್ಲಿ ರುಚಿ ನೋಡಲೆಂದು ಇಟ್ಟ ಕಡುಬಿನ ಚೂರುಗಳನ್ನು ಮೂರು ಸಲ ಟೋಪಿ ಬದಲಾಯಿಸಿಕೊಂಡು ಬಂದು ತಿನ್ನುವವಳಿಗೆ ದಾಲ್‌ಸುವಿನ ಮಾತು ಅರ್ಥವಾಗಲೇ ಇಲ್ಲ. “ಪುಕ್ಕಟೆ ಅಂದ್ರೆ ಏನು ಅಂತ ಗೊತ್ತಾ ನಿಂಗೆ? ದುಡ್ಡು ಕೊಡೋ ಹಾಗಿಲ್ಲ!”

“ಗೊತ್ತು ಅಕ್ಕ. ಆದ್ರೂ ಬೇಡ.”

ದಾಲ್‌ಸುವಿಗೆ ನಲವತ್ತೇಳು ವಯಸ್ಸು. ಮದುವೆಯಿಲ್ಲ. ಲಿಫ್ಟ್ ತಪಾಸಣೆ ಅವನ ಕೆಲಸ. ವಾರವಿಡೀ ಲಿಫ್ಟುಗಳೊಳಗೆ ನಿಂತು ಮೇಲೆ ಕೆಳಗೆ ಹೋಗುತ್ತಾ ಹಗ್ಗದ ಸದ್ದನ್ನು ಕೇಳುತ್ತಾನೆ. ಲಿಫ್ಟಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲವೆಂಬುದು ನಿಮಗೆ ಗೊತ್ತಿರುವುದೇ. ಶನಿವಾರ ಈ ಅಂಗಡಿಗೆ ಬಂದರೆ ಮಾತ್ರ “ಊಟ ಆಯ್ತಾ ದಾಲ್‌ಸು?” ಎಂದು ಕೇಳುವ ಹನ್ನೆರಡು ಬಾಯಿ. ಆ ಹನ್ನೆರಡು ಬಾಯಿಯನ್ನು ನೆನೆದುಕೊಂಡೇ ಅವನು ಉಳಿದ ಆರು ದಿನ ತಳ್ಳುತ್ತಿದ್ದ.

ಆಟದಲ್ಲಿ ಅವನ ಪಾತ್ರದ ಹೆಸರು ಬಿಸಿಸಾರು ತಾತ. ತಳ್ಳುಗಾಡಿಯಲ್ಲಿ ಕಡಲಸೊಪ್ಪಿನ ಸಾರು ಇಟ್ಟುಕೊಂಡು ಕಣಿವೆಯಿಂದ ಕಣಿವೆಗೆ ಅಲೆಯುವ ಮುದುಕ. ಮೂರು ವರ್ಷದಲ್ಲಿ ಒಂದು ಮೊಲವನ್ನೂ ಕೊಂದವನಲ್ಲ. ಆಟದವರೇ ಸೃಷ್ಟಿಸಿ ಅಲ್ಲಲ್ಲಿ ನಿಲ್ಲಿಸಿದ ಮುದುಕಿಯರು, ಬೆಸ್ತರು, ಕಾವಲುಗಾರರು ಮಾತಾಡಲು ಬಾಯಿ ತೆರೆದರೆ ಉಳಿದವರೆಲ್ಲ ಗುಂಡಿ ಒತ್ತಿ ಮುಂದಕ್ಕೆ ಓಡುತ್ತಿದ್ದರು. ಮೊದಲ ಅಂಕವನ್ನೇ ಮಾತುಗಾರಿಕೆಗೆ ಹಾಕಿಕೊಂಡಿದ್ದ ದಾಲ್‌ಸು ನಿಂತು ಪೂರ್ತಿ ಓದುತ್ತಿದ್ದ. ಯಾರಾದರೂ ಚೆನ್ನಾಗಿ ಮಾತಾಡಿದರೆ ಆ ಖುಷಿಗೆ ಒಂದಂಕ ಮಾತುಗಾರಿಕೆಗೆ, ಯಾರಾದರೂ ಸಾರು ಕುಡಿದು ಚಪ್ಪರಿಸಿದರೆ ಒಂದಂಕ ಅಡುಗೆಗೆ. ಆಟ ಮಾಡಿದವರು ಹೀಗೂ ಆಡಲಿ ಎಂದೇ ಇದನ್ನೆಲ್ಲ ಇಟ್ಟಿದ್ದರು. ಏಳು ವರ್ಷದಲ್ಲಿ ಹಾಗೆ ಆಡಿದವನು ಇವನೊಬ್ಬನೇ ಇರಬೇಕು. ಮುತ್ತಿಗೆಯ ದಿನ ಹಿಂದೆ ನಿಂತು ಗಾಯಗೊಂಡವರಿಗೆ ಸಾರು ಕೊಡುತ್ತಿದ್ದನಾದ್ದರಿಂದ ಗುಂಪಿನವರು ಸಹಿಸಿಕೊಂಡಿದ್ದರು.

ಆದರೆ ಪುಕ್ಕಟೆ ಚೀಟಿ ಬೇಡ ಎನ್ನುವುದನ್ನು ಸಹಿಸುವುದು ಹೇಗೆ?

“ಏನೋ ಇದೆ,” ಎಂದು ಪಿಸುಗುಟ್ಟಿದ ಗೂ ಪಿಲ್ಜೆ. ಮನೆ ಬಾಡಿಗೆಗೆ ಕೊಡಿಸುವ ದಲ್ಲಾಳಿ. ಇಡೀ ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ನಲ್ಲಿ ಸೋರುತ್ತದೆ ಎಂಬುದು ಮನೆಯವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. “ಮೇಷ್ಟ್ರೇ, ಬಿಟ್ಟಿ ಸಿಕ್ಕಿದ್ದನ್ನ ಒಬ್ಬ ಬೇಡ ಅಂದ ಅಂದ್ರೆ, ಅವನಿಗೆ ನಮಗೆ ಗೊತ್ತಿಲ್ದಿರೋದು ಏನೋ ಗೊತ್ತಿದೆ ಅಂತ. ಮನೆ ವ್ಯಾಪಾರದಲ್ಲೂ ಹಂಗೇ. ಅದೂ ಅಲ್ದೆ, ದಾಲ್‌ಸು ಅಣ್ಣನ ಅಕ್ಕನ ಮಗ ಎಲ್ಲಿದಾನೆ ಗೊತ್ತಾ? ಪಾಂಗ್ಯೊನಲ್ಲಿ!”

ಪಾಂಗ್ಯೊ ಎಂದರೆ ಆಟದ ಕಂಪನಿಗಳೆಲ್ಲ ಗಾಜಿನ ಕಟ್ಟಡ ಕಟ್ಟಿಕೊಂಡು ಕೂತ ಜಾಗ. ಹನ್ನೆರಡು ತಲೆಗಳು ಒಟ್ಟಿಗೆ ತಿರುಗಿದವು.

“ಹೌದಾ ಅಣ್ಣ?” ಎಂದು ಕೇಳಿದರು ಮೇಷ್ಟ್ರು.

“ಅವನು ಕ್ಯಾಂಟೀನ್‌ನಲ್ಲಿದಾನೆ ಮೇಷ್ಟ್ರೇ. ಸೊಪ್ಪು ತೊಳೀತಾನೆ.”

“ಯಾವ ಕಂಪನಿ ಕ್ಯಾಂಟೀನು?”

ದಾಲ್‌ಸು ಕುತ್ತಿಗೆ ಕೆರೆದುಕೊಂಡ. ಸುಳ್ಳು ಹೇಳಲು ಬಾರದ ಜನ್ಮ. “ಅದು… ಈ ಆಟದ ಕಂಪನೀದೇ.”

“ನೋಡಿ!” ಎಂದ ಪಿಲ್ಜೆ. “ಗುಟ್ಟೆಲ್ಲ ಹೊರಗೆ ಬರೋದು ಎಲ್ಲಿಂದ? ಕ್ಯಾಂಟೀನಿಂದಾನೇ!”

“ಅವನಿಗೆ ಸೊಪ್ಪು ಬಿಟ್ರೆ ಏನೂ ಗೊತ್ತಿಲ್ಲ ಕಣಯ್ಯ.”

“ಗೊತ್ತಿಲ್ಲ ಅಂತ ಹೇಳೋಕೆ ಹೇಳಿರ್ತಾರೆ,” ಎಂದಳು ಮಾಲ್ಸುನ್ ಅಕ್ಕ, ಕಣ್ಣು ಸಣ್ಣದು ಮಾಡಿ.

ಮೇಷ್ಟ್ರು ಸುಮ್ಮನೆ ಅನುಮಾನ ಪಡುವವರಲ್ಲ. ಕ್ರಮವಾಗಿ ಅನುಮಾನ ಪಡುವವರು. ದಾಲ್‌ಸುವಿನ ಪಕ್ಕ ಕುರ್ಚಿ ಎಳೆದುಕೊಂಡು, ಬಿಸಿಸಾರು ತಾತ ಯಾವ ದಿನ ಎಲ್ಲಿಗೆ ಹೋದ, ಯಾರ ಹತ್ತಿರ ಏನು ಮಾತಾಡಿದ ಎಂಬ ದಾಖಲೆಯನ್ನೆಲ್ಲ ತೆರೆಸಿದರು. ಉತ್ತರ ಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟು ಓದುತ್ತಾ ಬಂದವರು ಒಂದು ಕಡೆ ನಿಂತರು.

“ಇದೇನಿದು? ಪ್ರತಿ ಬುಧವಾರ ಕರಿಕಲ್ಲು ಕೋಟೆ ಬಾಗಿಲಿಗೆ ಹೋಗಿದೀರಿ. ಶತ್ರುಗಳ ಕೋಟೆಗೆ!”

“ಅಲ್ಲಿ ಓಕ್‌ಬೊ ಅಂತ ಒಬ್ಬ ಕಾವಲುಗಾರ ಇದಾನೆ. ಅವನಿಗೆ ಕೆಮ್ಮು ಮೇಷ್ಟ್ರೇ. ಬಿಸಿ ಸಾರು ಕೊಟ್ಟು ಬರ್ತೀನಿ.”

“ಅಣ್ಣ, ಅವನು ಮನುಷ್ಯ ಅಲ್ಲ. ಕಂಪ್ಯೂಟರ್!”

“ಹಾಗಂತ ಕೆಮ್ಮು ನಿಲ್ಲುತ್ತಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಆ ಕಾವಲುಗಾರ ಏನಂತಾನೆ?”

“ಏನಿಲ್ಲ. ಮಗಳ ಮದುವೆ ವಿಚಾರ ಹೇಳ್ತಾನೆ. ಆಮೇಲೆ ‘ಯಾವಾಗ್ಲೂ ಒಬ್ನೇ ಬರ್ತೀಯಲ್ಲ ತಾತ, ಒಂದಿನ ನಿನ್ನವರನ್ನೂ ಕರ್ಕೊಂಡು ಬಾ’ ಅಂತಾನೆ.”

ಇಷ್ಟು ಸಾಕಾಯಿತು. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಶತ್ರುಗಳ ಬಾಗಿಲಲ್ಲಿ ನಿಂತವನು ನಮ್ಮನ್ನೆಲ್ಲ ಕರೆದುಕೊಂಡು ಬಾ ಎನ್ನುತ್ತಿದ್ದಾನೆ! ಇದಕ್ಕಿಂತ ಸಾಕ್ಷಿ ಬೇಕೆ? ಇಕ್ಸಾನ್‌ನವರು ಇಟ್ಟ ಗೂಢಚಾರ ಇವನೇ. ಹನ್ನೊಂದು ವಾರ ಸೋತದ್ದು ಸುಮ್ಮನೆಯಲ್ಲ. ಆ ಗದ್ದಲದಲ್ಲಿ ಐದು ಅಂಕದ ತಪ್ಪಿನ ವಿಷಯ ಮೇಷ್ಟ್ರಿಗೂ ಮರೆತುಹೋಯಿತು.

“ಗೂಢಚಾರ ಅಲ್ಲ ನಾನು,” ಎಂದ ದಾಲ್‌ಸು.

“ಅಲ್ಲ ಅಂದ್ರೆ ತೋರಿಸಿ,” ಎಂದರು ಮೇಷ್ಟ್ರು. “ನಾಲ್ಕು ಗಂಟೆಯೊಳಗೆ ಚೀಟಿ ಹರಿದು ಎಪ್ಪತ್ತು-ಮೂವತ್ತು ಹಾಕ್ಕೊಂಡು ಮುಂಚೂಣೀಲಿ ನಿಂತು ಹೊಡೆದಾಡಿ. ಇಲ್ದಿದ್ರೆ ಮುತ್ತಿಗೆ ಮುಗಿದ ಮೇಲೆ ನಿಮ್ಮನ್ನ ಗುಂಪಿಂದ ತೆಗೆಯೋಕೆ ಮತ ಹಾಕ್ತೀವಿ. ಅಲ್ಲಿವರೆಗೂ ಮೂವತ್ತೆಂಟನೇ ಕುರ್ಚೀಲಿ ಕೂತ್ಕೊಳಿ. ನಮ್ಮ ಪರದೆ ನಿಮಗೆ ಕಾಣಬಾರದು.”

ಮೂವತ್ತೆಂಟನೇ ಕುರ್ಚಿ ಹಲಗೆ ತಡಿಕೆಯ ಆಚೆ, ಒಲೆಯ ಪಕ್ಕ, ಯೋಮ್ ಅಮ್ಮ ಮೊಟ್ಟೆ ಒಡೆಯುವ ಕಡೆ ಇತ್ತು. ದಾಲ್‌ಸು ತನ್ನ ಜಾಕೆಟ್ಟು, ನೀರಿನ ಬಾಟಲಿ ಎತ್ತಿಕೊಂಡು ಹೋಗಿ ಕೂತ. ಮೂರು ವರ್ಷದಲ್ಲಿ ಮೊದಲ ಸಲ ಯಾರೂ ಅವನನ್ನು ಊಟ ಆಯ್ತಾ ಎಂದು ಕೇಳಲಿಲ್ಲ.

ಈಗ ತಮಾಷೆ ನೋಡಿ. ದಾಲ್‌ಸುವನ್ನು ಗೂಢಚಾರ ಎಂದು ಹನ್ನೆರಡು ಜನರೂ ಒಪ್ಪಿದ್ದರು. ಆದರೆ ಅವನು ಕಂಪನಿಯ ಒಳಗುಟ್ಟು ತಿಳಿದವನು ಎಂಬುದನ್ನೂ ಅದೇ ಹನ್ನೆರಡು ಜನ, ಒಬ್ಬರಿಗೊಬ್ಬರು ಹೇಳದೆ, ಒಳಗೊಳಗೇ ಒಪ್ಪಿಬಿಟ್ಟಿದ್ದರು. ಹಾಗಾಗಿ ಯಾರೂ ಇನ್ನೂ ಚೀಟಿ ಹರಿದಿರಲಿಲ್ಲ. ಎಲ್ಲರೂ ಇನ್ನೊಬ್ಬರು ಹರಿಯಲಿ ಎಂದು ಕಾಯುತ್ತಿದ್ದರು.

ಹನ್ನೆರಡೂವರೆಗೆ ಮಾಲ್ಸುನ್ ಅಕ್ಕ ತಡಿಕೆಯಾಚೆ ಬಂದಳು. ಕೈಯಲ್ಲಿ ದಾಲ್‌ಸುವಿನ ಎರಡು ಪ್ಯಾಂಟು, ಗೆರೆ ಮುರಿಯದ ಹಾಗೆ ಇಸ್ತ್ರಿಯಾಗಿ. ಮಂಗಳವಾರಕ್ಕೆ ಮುಂಚೆ ಕೊಡಲಾಗದು ಎಂದಿದ್ದವಳು.

“ತಗೋ. ಇಸ್ತ್ರಿಗೆ ದುಡ್ಡು ಬೇಡ,” ಎಂದು ಬಗ್ಗಿ ಕೂತಳು. “ನೋಡು, ಅವರೆಲ್ಲ ಏನಾದ್ರೂ ಅಂದ್ಕೊಳ್ಲಿ. ನಂಗೊಬ್ಳಿಗೇ ಹೇಳು. ಮುಂದಿನ ತಿಂಗಳು ಕತ್ತಿಗೆ ಬೆಲೆ ಹೋಗುತ್ತಾ? ಸಾರಿಗೆ ಬರುತ್ತಾ?”

“ಅಕ್ಕ, ಅಂಥದ್ದೇನೂ ಇಲ್ಲ. ನಂಗೆ ಹೀಗೆ ಆಡೋದು ಇಷ್ಟ, ಅಷ್ಟೇ.”

“ಇಷ್ಟ!” ಮಾಲ್ಸುನ್ ಅಕ್ಕ ಅವನ ಮುಖವನ್ನು, ಕಲೆ ಹೋಗಿದೆಯೋ ಇಲ್ಲವೋ ಎಂದು ಅಂಗಿ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು. “ಆಯ್ತು. ಹೇಳ್ಬಾರ್ದು ಅಂತ ಸಹಿ ಹಾಕಿಸ್ಕೊಂಡಿರ್ತಾರೆ. ಅರ್ಥ ಆಯ್ತು ಬಿಡು.”

ಒಂದೂಕಾಲು ಗಂಟೆಗೆ ಪಿಲ್ಜೆ ಬಂದ. ಐಸು ತುಂಬಿದ ಕಾಫಿ ತಂದಿದ್ದ. “ಅಣ್ಣ, ನಾವು ನಾವೇ. ಕರಿಕಲ್ಲು ಕೋಟೆ ಪಕ್ಕದ ಜಾಗಕ್ಕೆ ಏನಾದ್ರೂ ಬರುತ್ತಾ? ರಸ್ತೆ ಗಿಸ್ತೆ?”

“ಅದು ಆಟ ಕಣಯ್ಯ!”

“ಸರಿ ಸರಿ. ಜೋರಾಗಿ ಮಾತಾಡ್ಬೇಡಿ,” ಎಂದು ಪಿಲ್ಜೆ ಕಣ್ಣು ಮಿಟುಕಿಸಿ ಹೋದ.

ಎರಡು ಗಂಟೆಗೆ ದಾಲ್‌ಸು ಬೇಸರಕ್ಕೆ ಒಂದು ಸಿಗರೇಟು ಸೇದೋಣವೆಂದು ಗಾಜಿನ ಗೂಡಿನೊಳಗೆ ಹೋದರೆ, ಜನ್ಮದಲ್ಲಿ ಸಿಗರೇಟು ಮುಟ್ಟದ ಬಾನ್ ಮೇಷ್ಟ್ರು ಹಿಂದೆಯೇ ಬಂದು ಬಾಗಿಲು ಹಾಕಿಕೊಂಡರು. ಹೊಗೆಗೆ ಕಣ್ಣಲ್ಲಿ ನೀರು.

“ಅಣ್ಣ, ನಾಯಕನಾಗಿ ಕೇಳ್ತಾ ಇಲ್ಲ. ಗಣಿತದವನಾಗಿ ಕೇಳ್ತಾ ಇದೀನಿ. ನಿಮ್ಮ ಅಂಕ ಎಷ್ಟೆಷ್ಟು?”

“ಮಾತುಗಾರಿಕೆ ಅರವತ್ತನಾಲ್ಕು. ಅಡುಗೆ ಮೂವತ್ತೊಂದು. ಅದೃಷ್ಟ ಐದು.”

ಮೇಷ್ಟ್ರು ಕೆಮ್ಮುವುದನ್ನು ನಿಲ್ಲಿಸಿದರು. ಅವರ ತುಟಿ ತಾನಾಗಿ ಅಲುಗತೊಡಗಿತು. “ಅರವತ್ತನಾಲ್ಕು… ಎರಡನ್ನ ಆರು ಸಲ ಗುಣಿಸಿದ್ರೆ ಬರೋದು. ಐದು ಸಲ ಗುಣಿಸಿದ್ರೆ ಮೂವತ್ತೆರಡು, ಅದ್ರಲ್ಲಿ ಒಂದು ತೆಗೆದ್ರೆ ಮೂವತ್ತೊಂದು. ಮತ್ತೆ ಆ ಐದು ಅಲ್ಲೇ ಇದೆ! ಯಾರು ಕೊಟ್ಟಿದ್ದು ಇದನ್ನ?”

“ಯಾರೂ ಕೊಟ್ಟಿಲ್ಲ ಮೇಷ್ಟ್ರೇ. ಯಾರಾದ್ರೂ ಸಾರು ಚೆನ್ನಾಗಿದೆ ಅಂದಾಗೆಲ್ಲ ಒಂದೊಂದು ಹಾಕ್ದೆ. ಹಾಗೇ ಕೂಡಿಬಂತು.”

“ಹಾಗೇ ಕೂಡಿಬಂತು,” ಎಂದು ಮೇಷ್ಟ್ರು ಗೊಣಗಿದರು. ಗೂಡಿನಿಂದ ಹೊರಗೆ ಹೋದವರು ತಮ್ಮ ಕಂಪ್ಯೂಟರ್ ಪರದೆಯ ಸುತ್ತ ಕೋಟು ಹೊದಿಸಿಕೊಂಡು ಅದರೊಳಗೆ ತಲೆ ತೂರಿಸಿ ಕೂತರು. ಕೋಟಿನ ಸಂದಿಯಿಂದ ಪರದೆಯ ಮೇಲಿನ ಅಂಕಗಳನ್ನು ಪಿಲ್ಜೆ ನೋಡಿದ. ಪಿಲ್ಜೆ ನೋಡಿದ್ದನ್ನು ಮಾಲ್ಸುನ್ ಅಕ್ಕ ನೋಡಿದಳು. ಅವಳು ತನ್ನ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಹನ್ನೆರಡು ಪರದೆಗಳ ಮೇಲೂ ಕೋಟು, ಶಾಲು, ಟವೆಲ್ಲು ಬಿದ್ದವು. ತಡಿಕೆಯಾಚೆ ಕೂತ ದಾಲ್‌ಸುವಿಗೆ ಇದೊಂದೂ ಕಾಣಲಿಲ್ಲ. ತನ್ನ ವಿರುದ್ಧ ಪಿಸುಮಾತು ನಡೆದಿದೆ ಎಂದಷ್ಟೇ ಕೇಳಿಸಿತು.

ಯೋಮ್ ಅಮ್ಮ ಒಂದು ಬಟ್ಟಲು ರಾಮ್ಯನ್ ತಂದು ಅವನ ಮುಂದಿಟ್ಟಳು. ಮೇಲೆ ಎರಡು ಮೊಟ್ಟೆ.

“ನಾನು ಒಂದೇ ಮೊಟ್ಟೆ ಹೇಳಿದ್ದು ಅಮ್ಮ.”

“ತಿನ್ನು. ಅಳೋ ಮುಖದವರಿಗೆ ನಾನು ಎರಡು ಹಾಕೋದು.” ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅಲ್ಲ ದಾಲ್‌ಸು, ಆ ಪರದೆಯೊಳಗಿನ ಮುದುಕನಿಗೋಸ್ಕರ ಈ ಕಡೆ ಇರೋ ಮನುಷ್ಯರನ್ನ ಕಳ್ಕೊಳ್ತೀಯಾ? ಅವರು ಹೇಳಿದ ಹಾಗೆ ಕೇಳ್ಬಿಡು. ನಾಳೆ ನಿನ್ನ ಮನೇಲಿ ಬಿದ್ದು ಕಾಲು ಮುರ್ಕೊಂಡ್ರೆ ಯಾರು ಬರ್ತಾರೆ, ಆ ತಾತ ಬರ್ತಾನಾ?”

ದಾಲ್‌ಸು ಮೊಟ್ಟೆ ನುಂಗಿದ. ಅವಳು ಹೇಳಿದ್ದು ನಿಜ. ಸೋಮವಾರದಿಂದ ಶುಕ್ರವಾರದವರೆಗಿನ ಲಿಫ್ಟುಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಅವುಗಳಾಚೆಗೆ ಶನಿವಾರವೂ ಇಲ್ಲದಿದ್ದರೆ ತಾನು ಯಾರ ಜೊತೆ ಬಾಯಿ ಬಿಡಬೇಕು?

ಮೂರೂವರೆಗೆ ಬಿಸಿಸಾರು ತಾತ ಉತ್ತರದ ಕಣಿವೆಯ ಗುಡಿಗೆ ಗಾಡಿ ತಳ್ಳಿಕೊಂಡು ಹೋದ. ಅಂಕ ಬದಲಾಯಿಸಬೇಕಾದರೆ ಅಲ್ಲಿಗೇ ಹೋಗಬೇಕು. ದಾರಿಯಲ್ಲಿ ಬೆಸ್ತರ ಮುದುಕಿಯೊಬ್ಬಳು “ಇವತ್ತು ಸಾರಿಲ್ವಾ ತಾತ?” ಎಂದಳು. ದಾಲ್‌ಸು ಪಾತ್ರೆಯಲ್ಲಿದ್ದದ್ದನ್ನೆಲ್ಲ ಅವಳಿಗೇ ಬಗ್ಗಿಸಿಬಿಟ್ಟ. ಆಮೇಲೆ ಗುಡಿಯ ಮುಂದಿನ ಅಂಗಡಿಯಲ್ಲಿ ಗಾಡಿಯನ್ನು ಕೊಟ್ಟು ಎರಡು ಗಜ ಉದ್ದದ ಕತ್ತಿ ತೆಗೆದುಕೊಂಡ. ಮೂರು ಐವತ್ತಕ್ಕೆ ಚೀಟಿ ಹರಿದ. ಶಕ್ತಿ ಎಪ್ಪತ್ತು. ಚುರುಕು ಮೂವತ್ತು. ಮಾತುಗಾರಿಕೆ ಸೊನ್ನೆ. ಕಣ್ಣೊರೆಸಿಕೊಳ್ಳುವುದನ್ನು ಯೋಮ್ ಅಮ್ಮ ನೋಡಬಾರದೆಂದು ಈರುಳ್ಳಿ ಹೆಚ್ಚುವ ಕಡೆಗೆ ಮುಖ ತಿರುಗಿಸಿ ಕೂತ.

ಹಿಂದಿರುಗಿ ಬರುವಾಗ ಬೆಸ್ತರ ಮುದುಕಿ ಅಲ್ಲೇ ನಿಂತಿದ್ದಳು. ಬಾಯಿ ತೆರೆದಳು. ಪರದೆಯ ಮೇಲೆ ಮೂಡಿದ್ದು ಸಾಲಾಗಿ ಆರು ಚುಕ್ಕಿ ಮಾತ್ರ. ಮಾತುಗಾರಿಕೆ ಸೊನ್ನೆ ಇದ್ದವರಿಗೆ ಆ ಲೋಕದವರ ಮಾತು ಹಾಗೆಯೇ ಕಾಣುವುದೆಂದು ಅವನಿಗೆ ಆಗಲೇ ತಿಳಿದದ್ದು. ಉಳಿದವರೆಲ್ಲ ಯಾಕೆ ಗುಂಡಿ ಒತ್ತಿ ಓಡುತ್ತಿದ್ದರೆಂದೂ ಅರ್ಥವಾಯಿತು.

ನಾಲ್ಕು ಹೊಡೆಯಿತು. ತಡಿಕೆಯಾಚೆಯಿಂದ ಮೇಷ್ಟ್ರ ದನಿ: “ಹೆಡ್‌ಫೋನ್ ಹಾಕ್ಕೊಳಿ! ಯಾರೂ ಬಾಯಿ ಬಿಡ್ಬೇಡಿ, ಆ ಕಡೆ ಗೂಢಚಾರ ಕೂತಿದಾನೆ!” ಆಮೇಲೆ ಏನೋ ಗಲಿಬಿಲಿ. “ಅಯ್ಯೋ, ನೀವೂನಾ?” ಎಂದು ಯಾರೋ ಕಿರುಚಿದರು. “ನೀನೂನಾ?” ಎಂದು ಇನ್ನೊಬ್ಬರು.

ದಾಲ್‌ಸು ಇನ್ನೂ ಗುಡಿಯ ದಾರಿಯಲ್ಲೇ ಇದ್ದ. ಗುಡಿ ಇದ್ದದ್ದು ಉತ್ತರದ ತುದಿಯಲ್ಲಿ, ಕೋಟೆ ಇದ್ದದ್ದು ದಕ್ಷಿಣದಲ್ಲಿ. ಈಗ ತಡವಾದರೆ ಗೂಢಚಾರ ಎಂಬ ಮಾತು ಶಾಶ್ವತ. ಮೂವತ್ತು ಚುರುಕಿನ ಕಾಲುಗಳನ್ನು ಓಡಿಸಿದ. ಬೆಟ್ಟ ಹಾರಿದ, ಹೊಳೆ ದಾಟಿದ. ಹತ್ತೇ ನಿಮಿಷದಲ್ಲಿ ಕರಿಕಲ್ಲು ಕೋಟೆಯ ಮುಂದಿನ ದಿಣ್ಣೆ ಹತ್ತಿ ನಿಂತ.

ಅಲ್ಲಿ ಕಂಡದ್ದು ಹೀಗಿತ್ತು. ಉಪ್ಪುಗಾಳಿಯ ಹನ್ನೆರಡೂ ಜನ ಹೆಬ್ಬಾಗಿಲ ಮುಂದೆ ಗುಂಪಾಗಿ ನಿಂತಿದ್ದರು. ಒಬ್ಬರ ಕೈಯಲ್ಲೂ ಕತ್ತಿಯಿಲ್ಲ. ಕವಚವಿಲ್ಲ. ಮಾಲ್ಸುನ್ ಅಕ್ಕನ ಎರಡೂ ಕೈ ಖಾಲಿ. ಮೇಷ್ಟ್ರ ಪಾತ್ರ ತಲೆ ತಗ್ಗಿಸಿಕೊಂಡು ನಿಂತಿತ್ತು. ಅವರ ಎದುರಿಗೆ ಓಕ್‌ಬೊ. ಅವನು ಏನೋ ಹೇಳಿದ. ದಾಲ್‌ಸುವಿಗೆ ಆರು ಚುಕ್ಕಿ ಕಂಡಿತು. ಮತ್ತೆ ಹೇಳಿದ, ಮತ್ತೆ ಆರು ಚುಕ್ಕಿ. ಆಮೇಲೆ ಓಕ್‌ಬೊ ಈಟಿಯನ್ನು ಮೇಲಕ್ಕೆತ್ತಿದ.

ದಾಲ್‌ಸು ಕತ್ತಿ ಹಿರಿದ. ಗೆಳೆಯರ ಆಯುಧ ಕಿತ್ತುಕೊಂಡು ಸಾಲಾಗಿ ನಿಲ್ಲಿಸಿ ಕೊಲ್ಲುತ್ತಿದ್ದಾರೆ! ಓಕ್‌ಬೊನ ಕೆಮ್ಮು ಒಂದು ಗಳಿಗೆ ನೆನಪಾಯಿತು. ಆದರೆ ಒಂದು ಕಡೆ ಕಂಪ್ಯೂಟರ್ ಕಾವಲುಗಾರ, ಇನ್ನೊಂದು ಕಡೆ ಊಟ ಆಯ್ತಾ ಎನ್ನುವ ಹನ್ನೆರಡು ಬಾಯಿ.

“ಬಂದೇ! ನಾನು ಬಂದೇ!” ಎಂದು ಅಂಗಡಿ ಅದುರುವ ಹಾಗೆ ಕೂಗಿಕೊಂಡು ದಿಣ್ಣೆಯಿಂದ ಧುಮುಕಿದ. ಎಪ್ಪತ್ತು ಶಕ್ತಿಯ ಒಂದೇ ಏಟು. ಓಕ್‌ಬೊ ಎರಡು ತುಂಡು.

ತಡಿಕೆಯಾಚೆಯಿಂದ ಜಯಕಾರ ಬರುತ್ತದೆಂದು ದಾಲ್‌ಸು ಕಾದ. ಬಂದದ್ದು ಹನ್ನೆರಡು ಗಂಟಲಿನ ಆರ್ತನಾದ. ಪರದೆಯಲ್ಲಿ ಕಹಳೆ ಮೊಳಗಿತು. ಹೆಬ್ಬಾಗಿಲು ದಡಾರೆಂದು ಕೆಳಗೆ ಬಿತ್ತು. ಪಕ್ಕದ ಗಿಡ್ಡ ಬಾಗಿಲುಗಳಿಂದ ಇಕ್ಸಾನ್‌ನವರು ಕತ್ತಿ ಹಿರಿದು ನುಗ್ಗಿ ಬಂದು ಬರಿಗೈಯ ಹನ್ನೆರಡು ಜನರನ್ನೂ ಎರಡು ನಿಮಿಷದಲ್ಲಿ ತರಿದುಹಾಕಿದರು. ಆಶ್ಚರ್ಯವೆಂದರೆ ದಾಲ್‌ಸುವನ್ನು ಅವರು ಮುಟ್ಟಲಿಲ್ಲ. ತಮ್ಮ ಕಾವಲುಗಾರ ಬಿದ್ದ ಜಾಗವನ್ನೂ ತಾತನ ಕತ್ತಿಯನ್ನೂ ನೋಡಿ, ಸುತ್ತಿ ಬಳಸಿ ಹೋದರು.

ಹೆಡ್‌ಫೋನ್ ಕಿತ್ತೆಸೆದು ಎಲ್ಲರೂ ತಡಿಕೆ ದಾಟಿ ಬಂದರು. ಮುಂದೆ ಬಾನ್ ಮೇಷ್ಟ್ರು. ಕನ್ನಡಕ ಒಂದು ಕಿವಿಯಲ್ಲಿ ಮಾತ್ರ ನೇತಾಡುತ್ತಿತ್ತು.

“ಯಾಕ್ರೀ ಹೊಡೆದ್ರಿ ಅವನನ್ನ?”

“ನಿಮ್ಮನ್ನ ಕೊಲ್ತಿದ್ನಲ್ಲ! ಈಟಿ ಎತ್ತಿದ್ದ!”

“ಬಾಗಿಲೆತ್ತೋಕೆ ಸನ್ನೆ ಮಾಡ್ತಿದ್ದ ಕಣ್ರೀ!” ಮೇಷ್ಟ್ರ ದನಿ ಒಡೆಯಿತು. “ಹನ್ನೆರಡು ಜನದ ಮಾತುಗಾರಿಕೆ ಅರವತ್ತನಾಲ್ಕು ಕಂಡು ಅವನ ಮನಸ್ಸು ಕರಗಿತ್ತು. ‘ತಾತನ ಕಡೆಯವರಾ, ಒಳಗೆ ಬನ್ನಿ, ಈ ಕೋಟೆ ಇನ್ನು ನಿಮ್ಮದೇ’ ಅಂದ. ಬಾಗಿಲು ಅರ್ಧ ಎದ್ದಿತ್ತು. ಏಳು ವರ್ಷದಲ್ಲಿ ಯಾರೂ ಈ ಕೋಟೇನ ಮಾತಲ್ಲಿ ಗೆದ್ದಿರ್ಲಿಲ್ಲ. ಇನ್ನೊಂದು ಮೊಳ ಎದ್ದಿದ್ರೆ ನಮ್ಮದಾಗ್ತಿತ್ತು!”

ದಾಲ್‌ಸು ಕುರ್ಚಿಯಿಂದ ಎದ್ದ. “ಹನ್ನೆರಡು ಜನಕ್ಕೂ ಅರವತ್ತನಾಲ್ಕಾ? ನೀವೆಲ್ಲ ಎಪ್ಪತ್ತು-ಮೂವತ್ತು ಅಲ್ವಾ?”

ಒಬ್ಬರಿಗೊಬ್ಬರು ತಿಳಿಯದಂತೆ ದಾಲ್‌ಸುವಿನ ಲೆಕ್ಕವನ್ನೇ ಕದ್ದಿದ್ದ ಹನ್ನೆರಡು ಜನರೂ ಮುಖವನ್ನು ಬೇರೆ ಬೇರೆ ಕಡೆ ತಿರುಗಿಸಿದರು.

“ಅವನ ಪರದೆ ನೋಡಿ,” ಎಂದಳು ಮಾಲ್ಸುನ್ ಅಕ್ಕ, ಬೆರಳು ತೋರಿಸಿ. “ಕತ್ತಿ! ನಮ್ಮನ್ನೆಲ್ಲ ಸಾರು ಕಾಯಿಸೋರನ್ನಾಗಿ ಮಾಡಿ ತಾನು ಮಾತ್ರ ಕತ್ತಿ ಹಿಡ್ಕೊಂಡಿದಾನೆ! ಬೆಳಗ್ಗೆಯಿಂದ ‘ಇಷ್ಟ, ಇಷ್ಟ’ ಅಂದಿದ್ದು ಇದಕ್ಕೇನೋ? ಶಕ್ತಿ ಸೊನ್ನೆಯಾಗಿ ನನ್ನ ಎರಡು ಕತ್ತಿ ಎತ್ತೋಕೂ ಆಗ್ತಿಲ್ಲ, ಏಳು ವರ್ಷದ್ದು… ಇನ್ನು ಚೀಟೀನೂ ಇಲ್ವಲ್ಲೋ!”

“ಅಕ್ಕ, ನೀವೆಲ್ಲ ಹೇಳಿದ್ದಕ್ಕೇ ತಾನೇ ನಾನು ಬದಲಾಯಿಸಿದ್ದು!”

“ಹೇಳಿದ ಕೂಡ್ಲೇ ಕೇಳೋರು ಯಾರಾದ್ರೂ ಇದಾರಾ ಅಣ್ಣ?” ಎಂದ ಪಿಲ್ಜೆ. “ಮೊದಲೇ ಲೆಕ್ಕ ಹಾಕಿದ್ರಿ ನೀವು.”

ಅದೇ ಹೊತ್ತಿಗೆ ದಾಲ್‌ಸುವಿನ ಪರದೆಯ ನಡುವೆ ಒಂದು ಓಲೆ ತೆರೆದುಕೊಂಡಿತು. ಮೊದಲ ಹಿಮದ ನಾಯಕಿ ಕಳಿಸಿದ್ದು. ಹದಿಮೂರು ಜನರೂ ಓದಿದರು. ‘ಬಿಸಿಸಾರು ತಾತನವರಿಗೆ ನಮಸ್ಕಾರ. ಬಾಗಿಲು ನಮಗೆ ತಿಳಿಯದಂತೆ ಏಳುತ್ತಿದ್ದಾಗ ಸರಿಯಾದ ಹೊತ್ತಿಗೆ ಬಂದು ನಮ್ಮ ಕೋಟೆ ಉಳಿಸಿದಿರಿ. ನಿಮ್ಮ ಉಪಕಾರ ಮರೆಯುವುದಿಲ್ಲ.’

ಇನ್ನು ಮತ ಹಾಕುವುದು ಬರೀ ಶಾಸ್ತ್ರಕ್ಕೆ. ಹನ್ನೆರಡು ಕೈ ಮೇಲೆದ್ದವು. ಮೇಷ್ಟ್ರು ಒಂದು ಗುಂಡಿ ಒತ್ತಿದರು. ಬಿಸಿಸಾರು ತಾತನ ಹೆಸರಿನ ಪಕ್ಕದಲ್ಲಿದ್ದ ಉಪ್ಪುಗಾಳಿಯ ಗುರುತು ಅಳಿಸಿಹೋಯಿತು. ಹನ್ನೆರಡು ಜನರೂ ತಮ್ಮ ತಮ್ಮ ಕುರ್ಚಿಗೆ ಹೋಗಿ ಕೂತರು. ಕೋಟೆಯ ಬಾಗಿಲಲ್ಲಿ ಅಷ್ಟರಲ್ಲಿ ಹೊಸ ಕಾವಲುಗಾರ ಬಂದು ನಿಂತಿದ್ದ. ಅವನಿಗೆ ಕೆಮ್ಮು ಇರಲಿಲ್ಲ.

ದಾಲ್‌ಸು ಆ ಓಲೆಯನ್ನು ಇನ್ನೊಮ್ಮೆ ಓದಿದ. ಮಾಡದ ತಪ್ಪಿಗೆ ಶಿಕ್ಷೆಯಂತೂ ಆಯಿತು. ಆ ತಪ್ಪಿನ ಲಾಭವನ್ನಾದರೂ ಯಾಕೆ ಬಿಡಬೇಕು ಎಂಬ ಯೋಚನೆ, ಜೀವಮಾನದಲ್ಲಿ ಮೊದಲ ಸಲ, ಅವನ ತಲೆಗೆ ಹೊಳೆಯಿತು. ಇಕ್ಸಾನ್ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿಯೂ ಪಿಸಿ ಬಾಂಗ್ ಇದೆ, ಅಲ್ಲಿಯೂ ಶನಿವಾರ ಬರುತ್ತದೆ, ಅಲ್ಲಿಯೂ ಯಾರಾದರೂ ಊಟ ಆಯ್ತಾ ಎನ್ನುತ್ತಾರೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದ: ‘ಅಮ್ಮಾವ್ರೇ, ನನಗೆ ಈಗ ಗುಂಪಿಲ್ಲ. ಶಕ್ತಿ ಎಪ್ಪತ್ತು, ಚುರುಕು ಮೂವತ್ತು. ನಾಡಿನ ಲೆಕ್ಕವೇ. ದಯವಿಟ್ಟು ನಿಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತೀರಾ?’

ಉತ್ತರ ತಕ್ಷಣ ಬಂತು.

‘ತಾತನವರೇ, ತಪ್ಪು ತಿಳಿಯಬೇಡಿ. ನಿಮ್ಮ ಕತ್ತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಮೂರು ವರ್ಷ ಜೊತೆಗಿದ್ದ ಸ್ವಂತ ಜನರಿಗೇ ಹೀಗೆ ಮಾಡಿದವರನ್ನು ನಾವು ಯಾವ ಧೈರ್ಯದ ಮೇಲೆ ಒಳಗೆ ಬಿಟ್ಟುಕೊಳ್ಳುವುದು?’